ಬೆಟ್ಟ ಹತ್ತುವವರ, ಓಡುವವರ ಮಂಡಿ ನೋವು: ಏನು ನೋಡಬೇಕು, ಏನು ಮಾಡಬೇಕು

ಆಷಾಢ ಬಂತೆಂದರೆ ನಮ್ಮ ಕ್ಲಿನಿಕ್‌ಗೆ ಮಂಡಿ ನೋವಿನವರು ಜಾಸ್ತಿ ಬರುತ್ತಾರೆ. ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿಯೇ ಹೋಗಬೇಕು ಅಂತ ಬಹಳ ಜನಕ್ಕೆ ಆಸೆ. ಸುಮಾರು ಸಾವಿರ ಮೆಟ್ಟಿಲು. ಕೆಲವರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಏರುತ್ತಾರೆ. ವರ್ಷವೆಲ್ಲ ಲಿಫ್ಟ್‌ನಲ್ಲಿ ಓಡಾಡಿದ ಮಂಡಿಗೆ ಒಂದೇ ಬೆಳಿಗ್ಗೆ ಇಷ್ಟು ಕೆಲಸ ಕೊಟ್ಟರೆ ಅದು ನೋಯದೆ ಇರುತ್ತದಾ?

ಬಂದವರು ಕೇಳುವುದು ಎರಡೇ ಪ್ರಶ್ನೆ. "ಮಂಡಿ ಸವೆದು ಹೋಗಿದೆಯಾ ಮೇಡಂ? ಇನ್ನು ಹತ್ತೋದೇ ಬೇಡ್ವಾ?" ಬಹುಪಾಲು ಜನರ ಮಂಡಿ ಸವೆದಿರುವುದಿಲ್ಲ, ಹತ್ತುವುದನ್ನು ಬಿಡಬೇಕಾಗಿಯೂ ಇಲ್ಲ. ಕೆಲವು ವಾರ ಕೆಲಸ ತಗ್ಗಿಸಿ, ತೊಡೆಗೆ ಬಲ ತುಂಬಿ, ನಿಧಾನವಾಗಿ ಮತ್ತೆ ಹೆಚ್ಚಿಸಿಕೊಂಡರೆ ಸಾಕು. ಓಡುವವರಿಗೂ ಶಟಲ್ ಆಡುವವರಿಗೂ ಇದೇ ದಾರಿ.

ಆದರೆ ಕೆಲವು ಲಕ್ಷಣ ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಆಡುವಾಗ ಮಂಡಿ ತಿರುಚಿ, ಒಳಗೆ 'ಟಪ್' ಅಂದಂತಾಗಿ, ಒಂದೆರಡು ಗಂಟೆಯಲ್ಲೇ ಊದಿಕೊಂಡರೆ ಒಳಗೆ ರಕ್ತ ತುಂಬಿರಬಹುದು. ಕಬಡ್ಡಿ, ಫುಟ್‌ಬಾಲ್ ಆಡುವ ಹುಡುಗರಲ್ಲಿ ಎ.ಸಿ.ಎಲ್. ಲಿಗಮೆಂಟ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಹರಿದಾಗ ಹೀಗಾಗುತ್ತದೆ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಮಂಡಿ ಒಂದು ಕಡೆ ಸಿಕ್ಕಿಹಾಕಿಕೊಂಡು ಪೂರ್ತಿ ಚಾಚಲು ಬಾರದಿದ್ದರೆ, ನಡೆಯುವಾಗ ಪದೇಪದೇ ಕುಸಿದರೆ, ತೋರಿಸಲೇಬೇಕು. ಮಂಡಿ ಬಿಸಿಯಾಗಿ, ಕೆಂಪಾಗಿ, ಜ್ವರವೂ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕುಂಟುತ್ತಿರುವ ಮಗುವಿನ ಮಂಡಿ ನೋವನ್ನೂ ತೋರಿಸಲು ತಡ ಮಾಡಬೇಡಿ, ಕೆಲವೊಮ್ಮೆ ತೊಂದರೆ ಇರುವುದು ಸೊಂಟದ ಕೀಲಿನಲ್ಲಿ. ಇನ್ನೊಂದು ಮಾತು: ಹೊಸದಾಗಿ ಊದಿದ ಮಂಡಿಯನ್ನು ಎಣ್ಣೆ ಹಾಕಿ ಗಟ್ಟಿಯಾಗಿ ನೀವಿಸಿಕೊಳ್ಳಬೇಡಿ. ನೀವಿಸಿಕೊಂಡು ಎರಡರಷ್ಟು ಊದಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಇವು ಯಾವುದೂ ಇಲ್ಲ ಅಂದರೆ, ನೋವಿರುವ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ಪ್ರಯತ್ನಿಸಿ.

ಬೆರಳು ಸಾಲದೆ ಇಡೀ ಅಂಗೈಯನ್ನು ಮಂಡಿಚಿಪ್ಪಿನ ಮೇಲೆ ಇಟ್ಟು "ಇಲ್ಲೆಲ್ಲ" ಅನ್ನುವವರೇ ನನ್ನ ಹತ್ತಿರ ಜಾಸ್ತಿ. ಇವರಿಗೆ ಹತ್ತುವುದಕ್ಕಿಂತ ಇಳಿಯುವಾಗ ನೋವು ಹೆಚ್ಚು. ಬಸ್ಸಿನಲ್ಲಿ ತುಂಬಾ ಹೊತ್ತು ಕಾಲು ಮಡಚಿ ಕೂತು ಎದ್ದಾಗಲೂ ಹಿಡಿದುಕೊಳ್ಳುತ್ತದೆ. ಮೆಟ್ಟಿಲ ಮೇಲೆ ಮಂಡಿಚಿಪ್ಪಿನ ಹಿಂಭಾಗಕ್ಕೆ ಬೀಳುವ ಒತ್ತಡ ನಮ್ಮ ತೂಕದ ಸುಮಾರು ಮೂರು ಪಟ್ಟು. ತೊಡೆಯ ಮುಂಭಾಗದ ಸ್ನಾಯು, ಸೊಂಟದ ಪಕ್ಕದ ಸ್ನಾಯು ಗಟ್ಟಿಯಿದ್ದರೆ ಮಂಡಿ ಇದನ್ನು ತಡೆದುಕೊಳ್ಳುತ್ತದೆ. ಇಂಥವರನ್ನು ನಾನು ಮೊದಲು ಕೇಳುವುದು, "ಹೋದ ತಿಂಗಳು ಹೊಸದಾಗಿ ಏನು ಶುರು ಮಾಡಿದಿರಿ?" ಉತ್ತರ ಯಾವಾಗಲೂ ಇದ್ದೇ ಇರುತ್ತದೆ. ಬೆಟ್ಟ, ಜಿಮ್, ಹೊಸ ಶೂ, ಓಟದ ದೂರ ದಿಢೀರನೆ ಎರಡರಷ್ಟು.

ಚಿಪ್ಪಿನ ಕೆಳಗೆ, ಒಂದೇ ಚುಕ್ಕಿಯಲ್ಲಿ ನೋವಿದ್ದರೆ ಅಲ್ಲಿರುವ ಗಟ್ಟಿ ನಾರಿನ ಪಟ್ಟಿಗೆ ಕೆಲಸ ಜಾಸ್ತಿಯಾಗಿದೆ. ವಾಲಿಬಾಲ್‌ನವರಲ್ಲಿ, ಹಾರಿ ಸ್ಮ್ಯಾಶ್ ಹೊಡೆಯುವವರಲ್ಲಿ ಇದು ಸಾಮಾನ್ಯ. ಹೊರಬದಿಯಲ್ಲಿ, ಓಡಲು ಶುರು ಮಾಡಿದ ಸ್ವಲ್ಪ ದೂರದ ಮೇಲೆ ಚುಚ್ಚುವ ನೋವು ಬಂದು, ನಿಂತರೆ ಹೋಗುತ್ತದೆಯೇ? ಅದು ಸೊಂಟದಿಂದ ಮಂಡಿಯ ಹೊರಬದಿಗೆ ಇಳಿಯುವ ಪಟ್ಟಿಯ ತೊಂದರೆ. ಕೀಲಿನ ಗೆರೆಯಲ್ಲಿ, ಅದರಲ್ಲೂ ಒಳಬದಿಯಲ್ಲಿ, ಕಾಲು ತಿರುಗಿಸಿದಾಗ ಅಥವಾ ಕುಕ್ಕರುಗಾಲಲ್ಲಿ ಕೂತಾಗ ಚುರುಕ್ ಅಂದರೆ ಮೆನಿಸ್ಕಸ್, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆ, ಹರಿದಿರಬಹುದು. 45 ದಾಟಿ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಯೊಳಗೆ ಸಡಿಲವಾಗುವ ಬಿಗಿತ ಇದ್ದರೆ ಸವೆತ ಶುರುವಾಗಿರಬಹುದು. ಅದಕ್ಕೂ ಮೊದಲ ಮದ್ದು ವ್ಯಾಯಾಮವೇ. ತೂಕ ಹೆಚ್ಚಿದ್ದರೆ ಅದನ್ನು ಇಳಿಸುವುದು ಎರಡನೆಯದು.

ಈಗ ಏನು ಮಾಡಬೇಕು? ಮೊದಲ ಒಂದು ವಾರ ನೋವು ಹೆಚ್ಚಿಸುವ ಕೆಲಸವನ್ನು ಅರ್ಧಕ್ಕೆ ಇಳಿಸಿ. ಹಾಸಿಗೆ ಹಿಡಿಯಬೇಡಿ, ಮಲಗಿದಷ್ಟೂ ತೊಡೆ ಸೊರಗುತ್ತದೆ. ಸಮತಟ್ಟಾದ ಜಾಗದಲ್ಲಿ ನಡೆಯಿರಿ, ಸೈಕಲ್ ತುಳಿಯಿರಿ. ಉರಿ ಇದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಡಿ.

ನೋವಿಗೆ 0ರಿಂದ 10ರವರೆಗೆ ಅಂಕ ಕೊಡುವ ಅಭ್ಯಾಸ ಮಾಡಿಕೊಳ್ಳಿ. ವ್ಯಾಯಾಮದ ವೇಳೆ 3ರವರೆಗೆ ಬಂದು, ಮರುದಿನ ಬೆಳಿಗ್ಗೆ ಮೊದಲಿನಂತೆಯೇ ಇದ್ದರೆ ಮುಂದುವರಿಸಬಹುದು. ಮರುದಿನವೂ ಹೆಚ್ಚೇ ಇದ್ದರೆ ನಿನ್ನೆ ಮಾಡಿದ್ದು ಅತಿಯಾಯಿತು, ಸ್ವಲ್ಪ ತಗ್ಗಿಸಿ. ಎಲ್ಲರಿಗೂ ಬೇರೇನು ಮರೆತರೂ ಇದನ್ನು ಮರೆಯಬೇಡಿ ಅನ್ನುತ್ತೇನೆ.

ವ್ಯಾಯಾಮಕ್ಕೆ ಗೋಡೆಯಿಂದ ಶುರು ಮಾಡಿ. ಬೆನ್ನು ಗೋಡೆಗೆ ಒರಗಿಸಿ, ಪಾದ ಮುಂದಿಟ್ಟು, ಎತ್ತರದ ಸ್ಟೂಲ್ ಮೇಲೆ ಕೂತಷ್ಟು ಮಾತ್ರ ಕೆಳಗೆ ಜಾರಿ. ಹಾಗೇ 30ರಿಂದ 45 ಸೆಕೆಂಡ್ ನಿಲ್ಲಿ. ನಡುವೆ ಒಂದು ನಿಮಿಷ ಬಿಟ್ಟು 5 ಸಲ. ಎರಡನೆಯದು ಸೊಂಟಕ್ಕೆ: ಒಂದು ಮಗ್ಗುಲಿಗೆ ಮಲಗಿ, ಮೇಲಿನ ಕಾಲನ್ನು ನೆಟ್ಟಗಿಟ್ಟು ಸ್ವಲ್ಪ ಹಿಂದಕ್ಕೆ ಎಳೆದು ಮೇಲೆತ್ತಿ. 12 ಸಲ, ಮೂರು ಸುತ್ತು. ಕಾಲು ಮುಂದಕ್ಕೆ ಬಂದರೆ ಬೇರೆ ಸ್ನಾಯು ಕೆಲಸ ಮಾಡಿಬಿಡುತ್ತದೆ, ನೋಡಿಕೊಳ್ಳಿ. ಮೂರನೆಯದಕ್ಕೆ ಮನೆಯ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಸಾಕು. ಅದರ ಮೇಲೆ ನಿಂತು ಒಂದು ಕಾಲನ್ನು ಮೂರು ಎಣಿಸುವಷ್ಟು ನಿಧಾನವಾಗಿ ಕೆಳಗಿಳಿಸಿ. ನಿಂತ ಕಾಲಿನ ಮಂಡಿ ಒಳಕ್ಕೆ ವಾಲಬಾರದು. ಎದುರಿಗೆ ಕನ್ನಡಿ ಇದ್ದರೆ ತಪ್ಪು ಕಾಣುತ್ತದೆ. 8ರಿಂದ 10 ಸಲ, ಎರಡೂ ಕಾಲಿಗೆ. ಜೊತೆಗೆ ಹಿಮ್ಮಡಿ ಎತ್ತಿ ಇಳಿಸುವುದು, ಮೀನಖಂಡಕ್ಕೆ. ಇಷ್ಟನ್ನು ದಿನ ಬಿಟ್ಟು ದಿನ ಮಾಡಿ. ಸುಲಭ ಅನ್ನಿಸಿದಾಗ ಬ್ಯಾಗಿನಲ್ಲಿ ಪುಸ್ತಕ ತುಂಬಿ ಬೆನ್ನಿಗೆ ಹಾಕಿಕೊಳ್ಳಿ. ಬಸ್ಕಿಯನ್ನು ಪೂರ್ತಿ ಬಿಡಬೇಡಿ, ಅರ್ಧ ಬಸ್ಕಿಯಿಂದ ಶುರು ಮಾಡಿ ವಾರ ವಾರ ಆಳಕ್ಕೆ ಇಳಿಯಿರಿ.

ಗುಣ ಕಾಣಲು 6ರಿಂದ 12 ವಾರ ಬೇಕು. ಎರಡು ವಾರಕ್ಕೆ "ಏನೂ ಆಗ್ಲಿಲ್ಲ" ಅಂತ ಬಿಟ್ಟು, ಮೆಡಿಕಲ್ ಶಾಪಿನಿಂದ ತಾವೇ ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ನುಂಗುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಬಿ.ಪಿ., ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರಿಗೆ ಅದು ಅಪಾಯ. ಮಾತ್ರೆ ಬೇಕೇ ಬೇಕಾದರೆ ಡಾಕ್ಟರನ್ನು ಕೇಳಿ, ಬೇಕಾದಷ್ಟೇ ದಿನ ತಗೊಳ್ಳಿ. ನೀ ಕ್ಯಾಪ್ ಹಾಕಿಕೊಂಡರೆ ಧೈರ್ಯ ಬರುತ್ತದೆ, ಬಲ ಬರುವುದಿಲ್ಲ. ಎಂ.ಆರ್.ಐ. ಬಗ್ಗೆಯೂ ಹೇಳಬೇಕು. ನಡುವಯಸ್ಸು ದಾಟಿದವರಲ್ಲಿ ನೋವೇ ಇಲ್ಲದ ಮಂಡಿಯಲ್ಲೂ ಮೆನಿಸ್ಕಸ್ ಹರಿದಿರುವುದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ರಿಪೋರ್ಟಿನಲ್ಲಿ 'ಟೇರ್' ಅಂತ ಬರೆದಿದ್ದಕ್ಕೇ ಆಪರೇಷನ್ ಅಂತ ಹೆದರಬೇಡಿ.

ಓಟಕ್ಕೆ, ಬೆಟ್ಟಕ್ಕೆ ವಾಪಸ್ ಹೋಗುವಾಗ ಲೆಕ್ಕ ಇಟ್ಟುಕೊಳ್ಳಿ. ಓಡುವವರು ಹೆಜ್ಜೆ ಚಿಕ್ಕದು ಮಾಡಿ, ನಿಮಿಷಕ್ಕೆ ಇಡುವ ಹೆಜ್ಜೆಗಳನ್ನು 5ರಿಂದ 10 ಶೇಕಡಾ ಹೆಚ್ಚಿಸಿದರೆ ಮಂಡಿಗೆ ಬೀಳುವ ಹೊರೆ ಕಡಿಮೆಯಾಗುತ್ತದೆ. ಬೆಟ್ಟದವರು ಮೊದಲ ವಾರ ಕಾಲು ಭಾಗ ಹತ್ತಿ, ಮೆಲ್ಲಗೆ ವಾಪಸ್ ಬನ್ನಿ. ಮರುದಿನ ಸರಿಯಿದ್ದರೆ ಮುಂದಿನ ವಾರ ಅರ್ಧ. ಮೆಟ್ಟಿಲ ದಾರಿಯಲ್ಲಿ ಸಿಗುವ ದೊಡ್ಡ ನಂದಿಯವರೆಗೆ ಹತ್ತಿ ಇಳಿದ ಮರುದಿನವೂ ನೋವು ಇಲ್ಲ ಅಂದಮೇಲೆ ತುದಿಗೆ ಹೋಗಿ. ಮೊದಮೊದಲು ತುದಿಗೆ ಹೋದಾಗ ಹತ್ತುವುದಷ್ಟೇ ಮೆಟ್ಟಿಲಲ್ಲಿ ಇರಲಿ. ದರ್ಶನ ಮುಗಿಸಿ, ಇಳಿಯುವುದಕ್ಕೆ ಸಿಟಿ ಬಸ್ ಹಿಡಿಯಿರಿ.