ಗೋಡೆಗೂ ಮೊದಲು 14 ಇಟ್ಟಿಗೆ ಮಾಡಿ 13 ಒಡೆದೆ

ಮೊದಲ ಮೂರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ನಕ್ಷೆ ಬರೆಯುವುದು. ಕಾಬ್ ಅನ್ನೋ ಮಣ್ಣಿನ ಗೋಡೆಯ ಗುಂಡಗಿನ ಒಂದು ಕೋಣೆ, ಅದಕ್ಕೊಂದು ಕಮಾನು ಕಿಟಕಿ, ಗೋಡೆಯೊಳಗೇ ಒಂದು ಗೂಡು, ಒಳಗೆ ಕೂರಲು ಕಟ್ಟೆ. ಪೆನ್ಸಿಲ್ಲಿನಲ್ಲಿ ನೆರಳು ಕೂಡ ಹಾಕಿದ್ದೆ. ಯಾವ ಮಣ್ಣಲ್ಲಿ ಇದನ್ನೆಲ್ಲ ಕಟ್ಟಬೇಕು ಅಂದುಕೊಂಡಿದ್ದೆನೋ ಆ ಮಣ್ಣನ್ನು ಮಾತ್ರ ಒಂದು ಸಲವೂ ಅಗೆದು ನೋಡಿರಲಿಲ್ಲ.

ಕಾಬ್ ಗೊತ್ತಿಲ್ಲದವರಿಗೆ ಎರಡು ಮಾತು. ಜೇಡಿಮಣ್ಣು, ಮರಳು, ಒಣಹುಲ್ಲು, ನೀರು ಸೇರಿಸಿ ಚೆನ್ನಾಗಿ ತುಳಿಯುವುದು. ಆ ಕಲಸನ್ನು ಅಚ್ಚಿಲ್ಲದೆ, ಹಲಗೆ ಕಟ್ಟದೆ, ಮುದ್ದೆ ಮುದ್ದೆಯಾಗಿ ಒಂದರ ಮೇಲೊಂದು ಇಟ್ಟು ಗೋಡೆ ಎಬ್ಬಿಸುವುದು. ಇದೇ ಕಾಬ್. ಇಂಗ್ಲಿಷಿನಲ್ಲಿ ಆ ಪದಕ್ಕೆ ಉಂಡೆ ಅನ್ನೋ ಅರ್ಥವೂ ಇದೆ. ಇಂಗ್ಲೆಂಡಿನ ಡೆವನ್‌ನಲ್ಲಿ ಹಳೇ ಕಾಲದ ಸಮುದ್ರಯಾನಿ ವಾಲ್ಟರ್ ರಾಲಿ ಹುಟ್ಟಿದ ಹೇಯ್ಸ್ ಬಾರ್ಟನ್ ಮನೆ ಇಂಥದ್ದೇ. 16ನೇ ಶತಮಾನದ್ದು, ಈಗಲೂ ನಿಂತಿದೆ. ಅದರ ಚಿತ್ರ ನೋಡಿದ ಮೇಲೆ ನನಗೆ ಧೈರ್ಯ ಸ್ವಲ್ಪ ಜಾಸ್ತಿಯೇ ಬಂದುಬಿಟ್ಟಿತ್ತು.

ಕೊನೆಗೂ ಒಂದು ದಿನ ಗುದ್ದಲಿ ಹಿಡಿದೆ. ಮೇಲಿನ ಒಂದಡಿ ಮಣ್ಣು ಬೇರೆ ಹಾಕಿದೆ. ಅದರಲ್ಲಿ ಬೇರು, ಕೊಳೆತ ಎಲೆ, ಎರೆಹುಳ ಎಲ್ಲ ಇರುತ್ತದೆ, ಗಿಡಕ್ಕೆ ಒಳ್ಳೆಯದು, ಗೋಡೆಗೆ ಬೇಡ. ಕೆಳಗೆ ಸಿಕ್ಕಿದ್ದು ತಿಳಿ ಕಂದು ಬಣ್ಣದ ನುಣುಪು ಮಣ್ಣು. ನೀರು ಹಾಕಿ ಕಲಸಿದರೆ ಬೆಣ್ಣೆ. ಅಂಗೈಗೆ ಅಂಟಿತು. ಜೇಡಿ ಸಿಕ್ಕೇಬಿಟ್ಟಿತು ಅಂತ ಕುಣಿದಾಡಿ ಅವತ್ತೇ ನಾಲ್ಕು ಇಟ್ಟಿಗೆ ಮಾಡಿ ನೆರಳಲ್ಲಿ ಒಣಗಲು ಇಟ್ಟೆ. ಒಂದರಲ್ಲೂ ಬಿರುಕಿಲ್ಲ. ಹತ್ತು ದಿನ ಬಿಟ್ಟು ಒಂದನ್ನು ಉಗುರಿನಲ್ಲಿ ಕೆರೆದೆ. ಪೌಡರಿನ ಹಾಗೆ ಉದುರಿತು. ಮೊಣಕಾಲೆತ್ತರದಿಂದ ಬಿಟ್ಟೆ. ಪುಡಿಪುಡಿ. ಉಳಿದ ಮೂರನ್ನೂ ಸಿಟ್ಟಿನಲ್ಲಿ ಎಸೆದೆ, ಅವುಗಳ ಗತಿಯೂ ಅಷ್ಟೇ.

ಮೊದಲ ದಿನವೇ ಮಾಡಬೇಕಿದ್ದ ಬಾಟಲಿ ಪರೀಕ್ಷೆ ಆಮೇಲೆ ಮಾಡಿದೆ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಪುಡಿ ಮಾಡಿದ ಮಣ್ಣು, ಮೇಲೆ ಕುತ್ತಿಗೆವರೆಗೆ ನೀರು, ಒಂದು ಚಿಟಿಕೆ ಉಪ್ಪು. ಉಪ್ಪು ಹಾಕಿದರೆ ಜೇಡಿ ಬೇಗ ತಳ ಸೇರುತ್ತದೆ. ಚೆನ್ನಾಗಿ ಕುಲುಕಿ ಕಿಟಕಿ ಹತ್ತಿರ ಇಟ್ಟು ಅಲ್ಲಾಡಿಸದೆ ಬಿಡಬೇಕು. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಮುಂದಿನ ಕೆಲವು ಗಂಟೆಗಳಲ್ಲಿ ಅದರ ಮೇಲೆ ಕೂರುವುದು ಹೂಳು. ಕೊನೆಗೆ, ಒಂದು ದಿನವೋ ಎರಡು ದಿನವೋ ಕಾಯಿಸಿ, ಕೂರುವುದು ಜೇಡಿ. ನನ್ನ ಬಾಟಲಿಯಲ್ಲಿ ಮರಳು ಒಂದು ಬೆರಳು, ಹೂಳು ಮೂರು ಬೆರಳು. ಜೇಡಿ? ಮೇಲೆ ಕೆನೆ ಕಟ್ಟಿದ ಹಾಗೆ ಒಂದು ಗೆರೆ.

ಹೊಸಬರು ಬೀಳುವ ಗುಂಡಿ ಇದೇ. ಹೂಳು ಒದ್ದೆ ಇದ್ದಾಗ ಥೇಟ್ ಜೇಡಿಯ ಹಾಗೆ ವೇಷ ಹಾಕುತ್ತದೆ. ನಿಜಕ್ಕೂ ಅದು ಅತಿ ಸಣ್ಣ ಕಲ್ಲಿನ ಪುಡಿ, ಅಷ್ಟೇ. ಜೇಡಿಯ ಕಣ ಇನ್ನೂ ಸಣ್ಣದು, 0.002 ಮಿಲಿಮೀಟರಿಗಿಂತ ಕಮ್ಮಿ, ಚಪ್ಪಟೆ ಬಿಲ್ಲೆಯ ಹಾಗಿರುತ್ತದೆ. ಆ ಬಿಲ್ಲೆಗಳು ಒದ್ದೆಯಾದಾಗ ಒಂದರ ಮೇಲೊಂದು ಜಾರುತ್ತವೆ, ಒಣಗುತ್ತಾ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಕಾಬ್‌ನಲ್ಲಿ ಅಂಟು ಅನ್ನೋದು ಅದೊಂದೇ. ಹೂಳಿಗೆ ಆ ಗುಣ ಇಲ್ಲ.

ಬಾಟಲಿ ಇಲ್ಲದೆಯೂ ಕಂಡುಹಿಡಿಯಬಹುದು. ಒದ್ದೆ ಮಣ್ಣನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ, ಆ ಕೈಯನ್ನು ಇನ್ನೊಂದು ಕೈಯಿಂದ ತಟ್ಟುತ್ತಾ ಹೋಗಿ. ಹೂಳಾದರೆ ನೀರು ಮೇಲೆದ್ದು ಫಳಫಳ ಹೊಳೆಯುತ್ತದೆ, ಹಿಸುಕಿದರೆ ಆ ಹೊಳಪು ಮಾಯ. ಜೇಡಿ ಹಾಗೆ ಸುಲಭಕ್ಕೆ ನೀರು ಬಿಟ್ಟುಕೊಡಲ್ಲ. ಕೈ ತೊಳೆಯುವಾಗಲೂ ಗೊತ್ತಾಗುತ್ತದೆ. ಹೂಳು ಒಂದು ಚೊಂಬು ನೀರಿಗೆ ಹೋಗುತ್ತದೆ, ಜೇಡಿಗೆ ಉಜ್ಜಬೇಕು. ನನ್ನ ಕೈ ಮೊದಲ ದಿನ ಎಷ್ಟು ಬೇಗ ಶುಭ್ರ ಆಗಿತ್ತು ಅಂತ ಆಮೇಲೆ ನೆನಪಾಯಿತು!

ಜಾಗದ ಇನ್ನೊಂದು ಮೂಲೆಯಲ್ಲಿ ಎರಡನೇ ಗುಂಡಿ ತೆಗೆದೆ. ಮೂರಡಿ ಇಳಿದ ಮೇಲೆ ಗುದ್ದಲಿ ಕಚ್ಚಲಿಲ್ಲ. ಹಾರೆ ಹಾಕಿದರೆ ಗಟ್ಟಿ ಹೆಂಟೆಗಳು ಎದ್ದವು, ಒಡೆದ ಕಡೆ ನುಣ್ಣಗೆ ಹೊಳೆಯುತ್ತಿದ್ದವು. ನೀರಲ್ಲಿ ನೆನೆಸಿ ಮರುದಿನ ಹಿಡಿದರೆ ಬೆರಳಿಂದ ಬಿಡಿಸಿಕೊಳ್ಳಲು ಆಗಲಿಲ್ಲ. ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿದೆ, ಬಿರುಕು ಬಿಡಲಿಲ್ಲ. ಹೆಬ್ಬೆರಳಲ್ಲಿ ಒತ್ತಿ ಒತ್ತಿ ಪಟ್ಟಿ ಎಳೆದೆ, ಆರೇಳು ಸೆಂಟಿಮೀಟರ್ ಬಂದ ಮೇಲೆ ತುಂಡಾಯಿತು. ಈ ಸಲ ಕುಣಿಯಲಿಲ್ಲ. ಬಾಟಲಿಗೆ ಹಾಕಿ ಎರಡು ದಿನ ಕಾದೆ. ಈ ಸಲ ಕೂತದ್ದರಲ್ಲಿ ಜೇಡಿಯೇ ಜಾಸ್ತಿ.

ಜೇಡಿ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಳ್ಳಬೇಡಿ. ಬರೀ ಜೇಡಿ ಒಣಗುವಾಗ ಕುಗ್ಗಿ ಸೀಳಿಬಿಡುತ್ತದೆ. ಎರೆಮಣ್ಣಿನಂಥ ಹಿಗ್ಗಿ ಕುಗ್ಗುವ ಮಣ್ಣಾದರೆ ಅದರ ಸಹವಾಸವೇ ಕಷ್ಟ. ಗೋಡೆಗೆ ಮೂಳೆ ಮರಳು, ಜೇಡಿ ಬರೀ ಗೋಂದು. ಎಷ್ಟಕ್ಕೆ ಎಷ್ಟು ಅನ್ನೋದನ್ನು ನಿಮ್ಮ ಮಣ್ಣೇ ಹೇಳಬೇಕು, ಬೇರೆಯವರ ಲೆಕ್ಕ ನಿಮಗೆ ಹೊಂದಲ್ಲ. ಅದಕ್ಕೇ ಪರೀಕ್ಷೆ ಇಟ್ಟಿಗೆ.

ನಾನು ಐದು ಅಳತೆ ತೆಗೆದುಕೊಂಡೆ. ಒಂದು ಪಾಲು ಮಣ್ಣಿಗೆ ಒಂದು, ಒಂದೂವರೆ, ಎರಡು, ಎರಡೂವರೆ, ಮೂರು ಪಾಲು ಮರಳು. ಪ್ರತಿ ಅಳತೆಗೆ ಎರಡು ಇಟ್ಟಿಗೆ, ಒಂದಕ್ಕೆ ಹುಲ್ಲು ಹಾಕಿ, ಒಂದಕ್ಕೆ ಹಾಕದೆ. ಹಸಿ ಇರುವಾಗಲೇ ಮೊಳೆಯಲ್ಲಿ ನಂಬರ್ ಕೆತ್ತಿದೆ. ಪಕ್ಕದಲ್ಲಿ ಸರಿಯಾಗಿ 20 ಸೆಂಟಿಮೀಟರಿನ ಒಂದು ಗೆರೆ ಎಳೆದೆ. ಒಣಗಿದ ಮೇಲೆ ಆ ಗೆರೆ ಅಳೆದರೆ ಎಷ್ಟು ಕುಗ್ಗಿತು ಅಂತ ಗೊತ್ತಾಗುತ್ತದೆ. ಸಮಸಮ ಹಾಕಿದ್ದರಲ್ಲಿ ಗೆರೆ 19.2ಕ್ಕೆ ಇಳಿದಿತ್ತು, ನಡುವೆ ಬೆರಳು ತೂರುವಂಥ ಸೀಳು. ಎರಡು ಪಾಲು ಮರಳಿನದ್ದು ಎರಡೇ ಮಿಲಿಮೀಟರ್ ಕುಗ್ಗಿತ್ತು, ಉಗುರು ಇಳಿಯಲಿಲ್ಲ. ಮೂರು ಪಾಲಿನದ್ದರಲ್ಲಿ ಬಿರುಕೇ ಇಲ್ಲ, ಆದರೆ ಅಂಚು ಉಜ್ಜಿದರೆ ಮರಳು ಉದುರುತ್ತಿತ್ತು.

ಆಮೇಲೆ ಒಂದೊಂದನ್ನೇ ಸೊಂಟದೆತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟೆ. ಹುಲ್ಲು ಯಾಕೆ ಅಂತ ಅವತ್ತು ಅರ್ಥವಾಯಿತು. ಹುಲ್ಲಿಲ್ಲದ್ದು ಠಪ್ ಅಂತ ಎರಡು ಹೋಳಾಗಿ ಎರಡು ದಿಕ್ಕಿಗೆ ಹಾರಿತು. ಹುಲ್ಲಿದ್ದದ್ದು ಬಿರುಕು ಬಿಟ್ಟರೂ ಹೋಳುಗಳು ಒಂದಕ್ಕೊಂದು ಜೋತಾಡುತ್ತಿದ್ದವು, ಎಳೆದರೆ ಒಳಗಿನ ಕಡ್ಡಿಗಳು ಒಂದೊಂದಾಗಿ ಚಟಚಟ ಕಿತ್ತುಕೊಂಡು ಬಂದವು.

ಹುಲ್ಲು ಅಂದರೆ ಕಾಳು ಬಡಿದ ಮೇಲೆ ಉಳಿಯುವ ಒಣ ಕಡ್ಡಿ, ಭತ್ತದ್ದೋ ಗೋಧಿಯದ್ದೋ ಯಾವುದಾದರೂ ಸರಿ. ಹಸಿರಾಗಿ ಕೊಯ್ದು ಒಣಗಿಸಿದ ಮೇವು ಬೇಡ, ಅದು ಕೊಳೆಯುತ್ತದೆ. ಮುಗ್ಗುಲು ವಾಸನೆ ಬಂದರೆ ಆ ಕಂತೆಯನ್ನು ಬದಿಗಿಡಿ. ಮರಳು ಚೂಪು ಅಂಚಿನದ್ದಾಗಿರಬೇಕು, ಅಂಗೈಯಲ್ಲಿ ಉಜ್ಜಿದರೆ ಚುಚ್ಚಬೇಕು. ಸಮುದ್ರದ ಮರಳು ಗುಂಡಗಿರುತ್ತದೆ, ಗೋಲಿಗಳ ರಾಶಿಯ ಹಾಗೆ ಒಂದರ ಮೇಲೊಂದು ಉರುಳುತ್ತದೆ. ಉಪ್ಪು ಬೇರೆ.

ಕಲಸುವುದು ಟಾರ್ಪಾಲಿನ ಮೇಲೆ. ನೆನೆಸಿಟ್ಟ ಮಣ್ಣು ಎರಡು ಬಕೆಟ್, ಮರಳು ನಾಲ್ಕು ಬಕೆಟ್. ಬರಿಗಾಲಲ್ಲಿ ಹಿಮ್ಮಡಿ ಊರಿ ತುಳಿಯುವುದು, ಟಾರ್ಪಾಲಿನ ತುದಿ ಹಿಡಿದು ಎಳೆದು ಮಗುಚುವುದು, ಮತ್ತೆ ತುಳಿಯುವುದು. ಬರಿಗಾಲಿನ ಲಾಭ ಅಂದರೆ ಕಲ್ಲು, ಗಾಜಿನ ಚೂರು ಎಲ್ಲ ತಕ್ಷಣ ಗೊತ್ತಾಗುತ್ತದೆ. ನಷ್ಟವೂ ಅದೇ. ಟಾರ್ಪಾಲ್ ಎಳೆದಾಗ ಮಣ್ಣು ಚೂರುಚೂರಾಗಿ ಬೀಳದೆ ಸುತ್ತಿದ ಹಾಸಿಗೆಯ ಹಾಗೆ ಒಂದೇ ಉಂಡೆಯಾಗಿ ಉರುಳಿದರೆ ಹದ ಬಂತು ಅಂತ ಲೆಕ್ಕ. ಹುಲ್ಲು ಹಾಕುವುದು ಆಮೇಲೆ. ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ತುಳಿಯಬೇಕು. ನನಗೆ ಬಿಡದ ಚಾಳಿ ಒಂದೇ, ನೀರು. ಕಾಲು ನೋಯಲು ಶುರುವಾದ ಕೂಡಲೇ ಕೈ ತಾನಾಗೇ ಚೊಂಬಿಗೆ ಹೋಗುತ್ತದೆ. ನೀರು ಹಾಕಿದರೆ ತುಳಿಯುವುದು ಹಗುರ, ಗೋಡೆ ಮಾತ್ರ ನಿಲ್ಲಲ್ಲ.

ಒಂದು ಸಲಕ್ಕೆ ಸಿಗುವುದು ಹೆಚ್ಚುಕಮ್ಮಿ 40 ಲೀಟರ್ ಕಲಸು. ನನಗೆ ಹಿಡಿಯುತ್ತಿದ್ದುದು 25 ನಿಮಿಷ. ಅವತ್ತು ರಾತ್ರಿ ನಕ್ಷೆ ತೆಗೆದು ಲೆಕ್ಕ ಹಾಕಿದೆ. ಒಳಗಿನ ಅಗಲ 3 ಮೀಟರ್, ಗೋಡೆ ದಪ್ಪ 40 ಸೆಂಟಿಮೀಟರ್, ಎತ್ತರ 2.1 ಮೀಟರ್. ಬಾಗಿಲು ಕಿಟಕಿ ಕಳೆದರೆ ಸುಮಾರು 8 ಘನ ಮೀಟರ್. ಅಂದರೆ 200 ಸಲ ಕಲಸಬೇಕು. ಬರೀ ಕಲಸುವುದಕ್ಕೇ 80 ಗಂಟೆ ದಾಟುತ್ತದೆ. ತೂಕ 12 ಟನ್‌ಗೂ ಮೇಲೆ, ಅಷ್ಟನ್ನೂ ನನ್ನ ಕೈಯಲ್ಲೇ ಎತ್ತಿ ಇಡಬೇಕು. ನಕ್ಷೆಯಲ್ಲಿ ಹಾಕಿದ್ದ ನೆರಳು ನೋಡಿ ನಗು ಬಂತು.

ಹಾಗಾಗಿ ಕೋಣೆ ಬದಿಗಿಟ್ಟು ಮೊದಲು ಒಂದು ಜಗಲಿ ಕಟ್ಟಿದೆ. ಐದಡಿ ಉದ್ದ, ಮೊಣಕಾಲೆತ್ತರ, ಒಂದು ತುದಿಗೆ ಬೆನ್ನಿಗೊಂದು ಗಿಡ್ಡ ಗೋಡೆ. ಆ ಗಿಡ್ಡ ಗೋಡೆಯನ್ನು ಹುಮ್ಮಸ್ಸಿನಲ್ಲಿ ಒಂದೇ ದಿನ ಎರಡಡಿ ಎಬ್ಬಿಸಿದೆ. ಸಂಜೆಗೆ ನೋಡಿದರೆ ಅದಕ್ಕೆ ಹೊಟ್ಟೆ ಬಂದಿತ್ತು! ಮೇಲಿನ ಭಾರಕ್ಕೆ ಕೆಳಗಿನ ಹಸಿ ಮಣ್ಣು ಪಕ್ಕಕ್ಕೆ ಉಬ್ಬಿತ್ತು. ಮರುದಿನ ಹಳೆಯ ಗರಗಸದಲ್ಲಿ ಆ ಹೊಟ್ಟೆ ಕೊಯ್ದು ತೆಗೆದೆ. ಇನ್ನೂ ಹದವಾಗಿ ಇದ್ದುದರಿಂದ ಚೆನ್ನಾಗಿಯೇ ಕೊಯ್ಯಲು ಬಂತು. ಅಲ್ಲಿಂದ ದಿನಕ್ಕೆ ಒಂದಡಿ ಮೀರಲಿಲ್ಲ. ಕೆಲಸ ನಿಲ್ಲಿಸುವಾಗ ಮೇಲ್ಭಾಗವನ್ನು ಒರಟಾಗಿ ಬಿಟ್ಟು, ಕೋಲಿನಲ್ಲಿ ತೂತು ಮಾಡಿ, ಒದ್ದೆ ಗೋಣಿ ಹೊದಿಸುತ್ತಿದ್ದೆ. ಮರುದಿನದ ಮುದ್ದೆ ಆ ತೂತುಗಳಿಗೆ ಇಳಿದು ಹಿಡಿದುಕೊಳ್ಳುತ್ತದೆ.

ಆ ಜಗಲಿಯ ಕೆಳಗೆ ಕಲ್ಲಿನ ಪಾಯ ಹಾಕಿದ್ದೆ, ಒಂದು ತುದಿ ಬಿಟ್ಟು. ಅಲ್ಲಿ ಕಲ್ಲು ಸಾಲಲಿಲ್ಲ, ಇರಲಿ ಬಿಡು ಅಂದುಕೊಂಡೆ. ಮೊದಲ ಜೋರು ಮಳೆಗೆ ಮೇಲ್ಭಾಗ ಸ್ವಲ್ಪ ಸವೆದು ಹುಲ್ಲು ಕೂದಲಿನ ಹಾಗೆ ಆಚೆ ಬಂತು. ಅದು ಸಾರಣೆ ಮಾಡಿದರೆ ಸರಿಹೋಗುವಂಥದ್ದು. ಕಲ್ಲಿಲ್ಲದ ತುದಿಯಲ್ಲಿ ಮಾತ್ರ ನೆಲಕ್ಕೆ ಬಿದ್ದ ಹನಿ ಸಿಡಿದು ಸಿಡಿದು ಬುಡ ಮೆತ್ತಗಾಗಿ ಕುಸಿಯಿತು. ಕಾಬ್ ಗೋಡೆಗೆ ಒಳ್ಳೆ ಬೂಟು, ಒಳ್ಳೆ ಟೋಪಿ ಬೇಕು ಅಂತ ಡೆವನ್ ಕಡೆಯವರು ಹೇಳುವುದು ಸುಮ್ನೆ ಅಲ್ಲ. ಬೂಟು ಅಂದರೆ ನೆಲದಿಂದ ಒಂದೂವರೆ ಅಡಿಯಾದರೂ ಮೇಲೆ ಬರುವ ಕಲ್ಲಿನ ಪಾಯ. ಟೋಪಿ ಅಂದರೆ ಗೋಡೆ ದಾಟಿ ಎರಡಡಿ ಚಾಚುವ ಸೂರು. ಸಿಮೆಂಟ್ ಸಾರಣೆ ಮಾಡಿ ಪಾರಾಗಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಿಮೆಂಟಿನ ಬಿರುಕಿನಿಂದ ಒಳಗೆ ಹೋದ ನೀರು ಆಚೆ ಬರಲು ದಾರಿ ಇಲ್ಲದೆ ಒಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಮಣ್ಣಿನದ್ದೋ ಸುಣ್ಣದ್ದೋ ಸಾರಣೆ ಇರಲಿ.

ಈಗ ಯೋಜನೆ ಬದಲಾಗಿದೆ. ಮೊದಲ ಬೇಸಗೆಯಲ್ಲಿ ಪಾಯ, ಕಂಬ, ಸೂರು ಮಾತ್ರ. ಗೋಡೆ ಎರಡನೇ ಬೇಸಗೆಯಲ್ಲಿ, ಆ ಸೂರಿನ ನೆರಳಲ್ಲೇ. ಭಾರ ಕಂಬದ ಮೇಲೆ ಇರುವುದರಿಂದ ಗೋಡೆ ದಪ್ಪ 30 ಸೆಂಟಿಮೀಟರಿಗೆ ಇಳಿಸಿದ್ದೇನೆ, ಕಲಸುವ ಕೆಲಸ ಕಾಲು ಭಾಗ ಕಮ್ಮಿಯಾಗುತ್ತದೆ. ಕಂಬ, ಸೂರಿನ ಲೆಕ್ಕವನ್ನು ಇಂಜಿನಿಯರ್ ಒಬ್ಬರಿಗೆ ತೋರಿಸಿದೆ. ಭೂಕಂಪದ ಪ್ರದೇಶವಾದರೆ ಅದನ್ನಂತೂ ತಪ್ಪಿಸುವ ಹಾಗೇ ಇಲ್ಲ.

ಮರಳು ಬಂದು ಬಿದ್ದಿದೆ. ಹುಲ್ಲಿನ ಕಂತೆಗಳು ಅಟ್ಟಣಿಗೆ ಮೇಲಿವೆ. ಜೇಡಿ ಗುಂಡಿಗೆ ಮುಚ್ಚಳ ಹಾಕಿದ್ದೇನೆ. 14 ಇಟ್ಟಿಗೆಗಳಲ್ಲಿ ಒಡೆಯದೆ ಉಳಿದದ್ದು ಒಂದೇ, ಎರಡು ಪಾಲು ಮರಳು ಮತ್ತು ಹುಲ್ಲು ಹಾಕಿದ್ದು. ಮೂರು ಸಲ ಬೀಳಿಸಿದರೂ ಒಂದು ಮೂಲೆ ಮುಕ್ಕಾಯಿತು ಅಷ್ಟೇ. ಗಾಳಿಗೆ ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟಿದ್ದೇನೆ.