ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಷ್ಟು ಹೊತ್ತು? ಲೆಕ್ಕ ಹಾಕುವುದು ಹೀಗೆ

ಲಂಡನ್‌ನಿಂದ ಬೆಳಿಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಎಂದು ಟಿಕೆಟ್‌ನಲ್ಲಿ ಇದ್ದರೆ, ಮೂರೇ ಗಂಟೆಯ ಪ್ರಯಾಣ ಅಂದುಕೊಳ್ಳುವವರು ಬೇಕಾದಷ್ಟು ಜನ. ವಾಪಸ್ ಟಿಕೆಟ್‌ನಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 8 ಎಂದು ಕಂಡರೆ ಅವರೇ ಹನ್ನೆರಡು ಗಂಟೆ ಎಂದು ಗಾಬರಿಯಾಗುತ್ತಾರೆ. ಎರಡೂ ತಪ್ಪು.

ಮೊದಲು ದೂರ. ಗೂಗಲ್ ಅರ್ಥ್‌ನಲ್ಲಿ ಎರಡು ಊರುಗಳ ನಡುವೆ ಅಳೆದರೆ ಸುಮಾರು 5,550 ಕಿ.ಮೀ. ಬರುತ್ತದೆ. ಗೋಡೆಯ ಭೂಪಟದ ಮೇಲೆ ಮಾತ್ರ ಸ್ಕೇಲ್ ಇಡಬೇಡಿ. ಭೂಮಿ ದುಂಡಗಿದೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಎಳೆದು ನೋಡಿ, ಅದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮೇಲೆ ಹಾಯುತ್ತದೆ. ಹತ್ತಿರದ ದಾರಿ ಅದೇ.

ಆಮೇಲೆ ಹಾರಾಟದ ಹೊತ್ತು. ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ., ಹಾಗಾಗಿ ದೂರವನ್ನು 900ರಿಂದ ಭಾಗಿಸಿ, ಏರಿ ಇಳಿಯಲು ಅರ್ಧ ಗಂಟೆ ಸೇರಿಸಿ. ಸುಮಾರು ಆರು ಮುಕ್ಕಾಲು ಗಂಟೆ ಆಯಿತು. ಆದರೆ ಮೇಲೆ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನ್ಯೂಯಾರ್ಕ್‌ಗೆ ಹೋಗುವಾಗ ಸುಮಾರು ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಹೋಗಲು, ಬರಲು ಒಂದೇ ಸಮಯ ತೋರಿಸುವ ವೆಬ್‌ಸೈಟ್‌ಗಳನ್ನು ದೂರಕ್ಕೆ ಬಳಸಿ, ಸಮಯಕ್ಕೆ ಬೇಡ.

ಜನ ಎಡವುವುದು ಟಿಕೆಟ್ ಓದುವಾಗ. ಅದರಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. 'ಐದು ಗಂಟೆ ಹಿಂದೆ, ಐದು ಗಂಟೆ ಮುಂದೆ' ಎಂದು ಮನಸ್ಸಲ್ಲೇ ಕೂಡಿಸಿ ಕಳೆಯಲು ಹೋಗಬೇಡಿ, ತಲೆ ಕೆಡುತ್ತದೆ. ಎರಡನ್ನೂ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣಿತ ಸಮಯಕ್ಕೆ, ಬದಲಾಯಿಸಿ ಕಾಗದದ ಮೇಲೆ ಬರೆಯಿರಿ. ಚಳಿಗಾಲದಲ್ಲಿ ಲಂಡನ್ ಸಮಯವೇ ಯುಟಿಸಿ. ನ್ಯೂಯಾರ್ಕ್ ಸಮಯಕ್ಕೆ 5 ಗಂಟೆ ಸೇರಿಸಬೇಕು. ಅಂದರೆ 11ಕ್ಕೆ ಹೊರಟ ವಿಮಾನ ಯುಟಿಸಿಯಲ್ಲಿ ಸಂಜೆ 7ಕ್ಕೆ ತಲುಪಿತು: 8 ಗಂಟೆ. ವಾಪಸ್ ಬರುವಾಗ ರಾತ್ರಿ 8 ಎಂದರೆ ಯುಟಿಸಿಯಲ್ಲಿ ನಡುರಾತ್ರಿ 1. ಬೆಳಿಗ್ಗೆ 8ಕ್ಕೆ ಇಳಿದರೆ 7 ಗಂಟೆ. ರನ್‌ವೇಗೆ ಸಾಗುವುದು, ಸರದಿಗೆ ಕಾಯುವುದು ಎಲ್ಲ ಇದರಲ್ಲೇ ಸೇರಿದೆ. ಅದಕ್ಕೇ ನಮ್ಮ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ.

ಇನ್ನೊಂದು ಕಿತಾಪತಿ ಇದೆ. ಬೇಸಿಗೆಯಲ್ಲಿ ಎರಡೂ ಊರು ಗಡಿಯಾರ ಒಂದು ಗಂಟೆ ಮುಂದಿಡುತ್ತವೆ, ಆದರೆ ಒಂದೇ ದಿನ ಅಲ್ಲ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್‌ನಲ್ಲಿ ಕೊನೆಯ ಭಾನುವಾರ. ಆ ನಡುವೆ ವ್ಯತ್ಯಾಸ ನಾಲ್ಕೇ ಗಂಟೆ. ಅಕ್ಟೋಬರ್ ಕೊನೆಗೂ ಒಂದು ವಾರ ಹೀಗೇ. ಆದ್ದರಿಂದ ಇವತ್ತಿನ ವ್ಯತ್ಯಾಸ ಬೇಡ, ಪ್ರಯಾಣದ ದಿನದ್ದನ್ನೇ ನೋಡಿ.

ನಡುವೆ ವಿಮಾನ ಬದಲಿಸುವುದಿದ್ದರೆ ಮೊದಲು ಹೊರಡುವ ಸಮಯ, ಕೊನೆಗೆ ತಲುಪುವ ಸಮಯ, ಈ ಎರಡೇ ಸಾಕು. ತಲುಪುವ ಸಮಯದ ಪಕ್ಕದ ಸಣ್ಣ '+1' ಮರೆಯಬೇಡಿ, ಅದು ಮರುದಿನ.

ದೂರ ಒಂದನ್ನೇ ನಂಬಿದರೂ ಕಷ್ಟ. ಲಂಡನ್‌ನಿಂದ ಟೋಕಿಯೊಗೆ ನೇರ ದೂರ ಸುಮಾರು 9,600 ಕಿ.ಮೀ. 2022ರಲ್ಲಿ ರಷ್ಯಾದ ಆಕಾಶ ಬ್ರಿಟನ್ ಮತ್ತು ಜಪಾನ್ ವಿಮಾನಗಳಿಗೆ ತಪ್ಪಿದ ಮೇಲೆ, 12 ಗಂಟೆಯಷ್ಟಿದ್ದ ಪ್ರಯಾಣ 14 ಗಂಟೆ ಆಸುಪಾಸಿಗೆ ಹೋಯಿತು. ದಾರ ಎಳೆದರೆ ಇದು ಕಾಣುವುದಿಲ್ಲ. ಟಿಕೆಟ್‌ನ ಸಮಯವನ್ನೇ ಯುಟಿಸಿಯಲ್ಲಿ ಕಳೆದು ನೋಡಬೇಕು.