ಚರ್ಚಿನಲ್ಲಿ ಲೆಸ್ಲಿ ಸ್ಪೀಕರ್: ಜಾಗ ಮತ್ತು ಹೊಂದಾಣಿಕೆ

ಅಮೆರಿಕದ ಗಾಸ್ಪೆಲ್ ಚರ್ಚುಗಳಲ್ಲಿ ವಿದ್ಯುತ್ತಿನಿಂದ ನುಡಿಯುವ ಹ್ಯಾಮಂಡ್ ಆರ್ಗನ್ನಿನ ನಾದಕ್ಕೆ ಜೀವ ತುಂಬುವುದು ಡೊನಾಲ್ಡ್ ಲೆಸ್ಲಿ ರೂಪಿಸಿದ, ಒಳಗೆ ತಿರುಗುವ ಭಾಗಗಳಿರುವ ಮರದ ಪೆಟ್ಟಿಗೆ. 122ನೇ ಮಾದರಿಯನ್ನೇ ತೆಗೆದುಕೊಂಡರೆ, ಸುಮಾರು 800 ಹರ್ಟ್ಸ್‌ಗಿಂತ ಮೇಲಿನ ಸ್ವರಗಳು ಮೇಲ್ತುದಿಯಲ್ಲಿ ಸುತ್ತುವ, ತುತ್ತೂರಿಯಂಥ ಹಾರ್ನಿನಿಂದ ಹೊರಡುತ್ತವೆ. ಕೆಳಗಿನ ಸ್ವರಗಳು ನೆಲಕ್ಕೆ ಮುಖಮಾಡಿದ 15 ಇಂಚಿನ ಸ್ಪೀಕರಿನಿಂದ ಹೊರಟು, ಅದರಡಿ ಸುತ್ತುವ ಡ್ರಮ್ಮಿನ ಮೂಲಕ ಹಾಯುತ್ತವೆ.

ಸಾಧಾರಣ ಸ್ಪೀಕರನ್ನು ಸಭೆಯ ಕಡೆ ತಿರುಗಿಸಿಟ್ಟರೆ ಸಾಕು, ಆದರೆ ಲೆಸ್ಲಿಗೆ ಆ ಲೆಕ್ಕ ಸಲ್ಲದು. ಹಾರ್ನ್ ಸುತ್ತುತ್ತ ನಾದವನ್ನು ನಾಲ್ಕೂ ಕಡೆಗೆ ಬೀಸುವುದರಿಂದ, ಗೋಡೆಗಳಿಗೆ ತಾಗಿ ಮರಳಿ ಬರುವ ಧ್ವನಿಯೂ ನೇರ ಧ್ವನಿಯೂ ಬೆರೆತಾಗಲೇ ಆ ತುಂಬಿದ ಅಲೆ ಕಿವಿಗೆ ಸಿಗುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಗಾರೆಯ ಅಥವಾ ಮರದ ಗಟ್ಟಿ ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕಿಡಬೇಕು. ದಪ್ಪ ಪರದೆಯ ಪಕ್ಕದಲ್ಲಿ ಮೇಲಿನ ಸ್ವರಗಳು ಇಂಗಿಹೋಗುತ್ತವೆ. ಮೂಲೆಗೆ ಒತ್ತಿಟ್ಟರೆ ಮಂದ್ರ ಸ್ವರಗಳು ಉಬ್ಬಿ, ಪಾದ್ರಿಯ ಮಾತನ್ನೂ ಗಾಯಕವೃಂದವನ್ನೂ ಮುಚ್ಚಿಬಿಡುತ್ತವೆ. ಈ ಪೆಟ್ಟಿಗೆಯ ಎತ್ತರ 41 ಇಂಚು ಮಾತ್ರ, ಅಂದರೆ ಹಾರ್ನ್ ಹೆಚ್ಚುಕಡಿಮೆ ಮೊದಲ ಸಾಲಿನಲ್ಲಿ ಕುಳಿತವರ ಕಿವಿಯ ಮಟ್ಟಕ್ಕೇ ಬರುತ್ತದೆ. ಅವರಿಗೆ ಅದು ಹಿಂಸೆಯಾಗದಂತೆ ಒಂದಡಿ ಎತ್ತರದ ಭದ್ರವಾದ ಜಗಲಿಯ ಮೇಲಿಡುವುದು ಒಳ್ಳೆಯದು, ಆದರೆ ಜಗಲಿ ಟೊಳ್ಳಾಗಿದ್ದರೆ ಅದೇ ಗುಂಯ್‌ಗುಡುತ್ತದೆ.

ಜಾಗವನ್ನು ಆರ್ಗನ್ ನುಡಿಸುವವರೊಬ್ಬರೇ ತೀರ್ಮಾನಿಸಬಾರದು. ಒಬ್ಬರು ನುಡಿಸುತ್ತಿರಲಿ, ಇನ್ನೊಬ್ಬರು ಹಿಂದಿನ ಬೆಂಚಿನವರೆಗೂ ನಿಧಾನವಾಗಿ ನಡೆದು ಕೇಳಲಿ. ಜನ ತುಂಬಿದಾಗ ಮೈಬಟ್ಟೆಗಳೇ ನಾದವನ್ನು ಹೀರುವುದರಿಂದ, ಖಾಲಿ ಸಭಾಂಗಣದಲ್ಲಿ ತುಸು ಹೆಚ್ಚು ಹೊಳಪೆನಿಸಿದ ಧ್ವನಿ ಆರಾಧನೆಯ ಹೊತ್ತಿಗೆ ಹದಕ್ಕೆ ಬರುತ್ತದೆ. ಧ್ವನಿಮಟ್ಟದ ಗುಬುಟು ಪೆಟ್ಟಿಗೆಯೊಳಗಿನ ಆಂಪ್ಲಿಫೈಯರಿನಲ್ಲಿದೆ: ಆರ್ಗನ್ನಿನ ಧ್ವನಿ ಏರಿಸುವ ಕಾಲಿನ ಪೆಡಲನ್ನು ಪೂರ್ತಿ ಒತ್ತಿ, ಸ್ವರಗಳ ಬೆರಕೆಯನ್ನು ಹೊಂದಿಸುವ ಡ್ರಾಬಾರು ಎಂಬ ಎಳೆಪಟ್ಟಿಗಳನ್ನು ಪೂರ್ತಿ ಎಳೆದು, ಚರ್ಚಿಗೆ ಬೇಕಾದ ಗರಿಷ್ಠ ಧ್ವನಿಯನ್ನು ಅಲ್ಲೇ ನಿಗದಿ ಮಾಡಿ.

ಒಳಗೆ ಕೈಹಾಕುವ ಮೊದಲು ಆರ್ಗನ್ನಿನ ವಿದ್ಯುತ್ ಪ್ಲಗ್ ಕಿತ್ತಿಡಬೇಕು. ಆರ್ಗನ್ನನ್ನೂ ಪೆಟ್ಟಿಗೆಯನ್ನೂ ಜೋಡಿಸುವ ಆರು ಪಿನ್ನಿನ ಕೇಬಲಿನಲ್ಲಿ ಮನೆಯ ವಿದ್ಯುತ್ತೇ ಹರಿಯುತ್ತದೆ, ವ್ಯಾಕ್ಯೂಮ್ ಟ್ಯೂಬ್ ಆಂಪ್ಲಿಫೈಯರಿನ ಕೆಪಾಸಿಟರುಗಳಲ್ಲಿ ವಿದ್ಯುತ್ ಆರಿದ ಮೇಲೂ ಶಾಕ್ ಹೊಡೆಯುವಷ್ಟು ಉಳಿದಿರುತ್ತದೆ. ಇನ್ನೊಂದು ಎಚ್ಚರಿಕೆ: 122 ಮತ್ತು 147 ಮಾದರಿಗಳ ಪ್ಲಗ್ ನೋಡಲು ಒಂದೇ, ಒಳಗಿನ ತಂತಿ ಜೋಡಣೆ ಬೇರೆ. ಒಂದರ ಬದಲು ಇನ್ನೊಂದನ್ನು ಸಿಕ್ಕಿಸಿದರೆ ಉಪಕರಣ ಕೆಡಬಹುದು.

ಹಾರ್ನನ್ನೂ ಡ್ರಮ್ಮನ್ನೂ ಮೋಟಾರಿನಿಂದ ತಿರುಗಿಸುವ ಬೆಲ್ಟನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ. ಅದು ತುಸು ಸಡಿಲವಾಗಿ ಬಗ್ಗಬೇಕು. ಬಿಗಿಯಾಗಿದ್ದರೆ ಬೇರಿಂಗ್ ಸವೆದು, ಪ್ರಾರ್ಥನೆಯ ಮೌನದಲ್ಲಿ ಕಿರ್ ಎನ್ನುವ ಸದ್ದು ಮುಂದಿನ ಸಾಲಿಗೂ ಕೇಳಿಸುತ್ತದೆ. ತಿರುಗುವ ವೇಗವನ್ನು ನಿಧಾನದಿಂದ ಜೋರಿಗೆ ಬದಲಿಸಿದಾಗ ಹಗುರವಾದ ಹಾರ್ನ್ ಬೇಗ ಏರುತ್ತದೆ, ಭಾರದ ಡ್ರಮ್ ಹಲವು ಸೆಕೆಂಡು ಹಿಂದೆ ಬೀಳುತ್ತದೆ. ಅದು ದೋಷವಲ್ಲ, ಸೊಗಸು ಇರುವುದೇ ಆ ಅಂತರದಲ್ಲಿ. ಎರಡನ್ನೂ ಸಮ ಮಾಡಲು ಬೆಲ್ಟ್ ಬಿಗಿಯಬೇಡಿ.

ಅಮೆರಿಕದಿಂದ ಇಂಥ ಪೆಟ್ಟಿಗೆಯನ್ನು ನಮ್ಮ ಕಡೆಗೆ ತರಿಸುವವರು ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರಷ್ಟೇ ಸಾಲದು. ಅಲ್ಲಿನ 60 ಹರ್ಟ್ಸ್‌ಗೆ ಹೊಂದಿಸಿದ ಮೋಟಾರುಗಳು ಇಲ್ಲಿನ 50 ಹರ್ಟ್ಸ್‌ನಲ್ಲಿ ಸುಮಾರು ಆರರಲ್ಲೊಂದು ಪಾಲು ನಿಧಾನವಾಗುತ್ತವೆ. ಹಾರ್ನಿನ ಮೋಟಾರಿಗಿರುವ ಮೆಟ್ಟಿಲು ರಾಟೆಯಲ್ಲಿ ಬೆಲ್ಟನ್ನು ದೊಡ್ಡ ಮೆಟ್ಟಿಲಿಗೆ ಏರಿಸಿದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.